ಅಟ್ಟದ ಕಿಟಕಿಯ ಸೀಡಿ

ಫೆಬ್ರವರಿ 10, ಸೋಮವಾರ

ಈ ಡೈರಿ ತೂಕದ ಮಷಿನ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ನಲವತ್ತು ದಿನ ಖಾಲಿ ಬಿದ್ದಿತ್ತು. ಇವತ್ತು ಬರೆಯಲು ಕೂತಿರುವುದು ಬೇರೆ ದಾರಿ ಕಾಣದೆ. ಇಂಪನಾ ಹತ್ತಿರ ಬಾಯಿಬಿಟ್ಟರೆ, "ನಮ್ಮಪ್ಪನ್ ಕಂಡ್ರೆ ನಿಮ್ಗೆ ಯಾವಾಗ್ಲೂ ಅಷ್ಟೇ ಕಣ್ರೀ" ಅನ್ನುತ್ತಾಳೆ. ಹೆಂಡತಿಯ ತವರಿನಲ್ಲೇ ಇದ್ದುಕೊಂಡು ಹೆಂಡತಿಯ ಅಪ್ಪನನ್ನು ಬೈಯುವುದಕ್ಕೆ ಡೈರಿಯೇ ಸರಿ.

ನಾನು ಮನೆ ಅಳಿಯ. ಹಂದನಕೆರೆ ಪಕ್ಕದ ಈ ಹಳ್ಳಿಗೆ ಬಂದು ಒಂಬತ್ತು ವರ್ಷವಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿಕೊಂಡು ಕೊಬ್ಬರಿ ಮಂಡಿಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತೇನೆ. ಹೊರಗೆ ಎಲ್ಲರೂ "ರುದ್ರೇಶಣ್ಣ ಬಂದ್ರೆ ಸರಿಹೋಯ್ತದೆ" ಅನ್ನುತ್ತಾರೆ. ಮನೆಯೊಳಗೆ ನನಗೆ ಒಂದು ಕೆಲಸವೂ ಇಲ್ಲ. ಯಜಮಾನರು, ಅಂದರೆ ನನ್ನ ಮಾವ ಕಾಡಸಿದ್ದಪ್ಪನವರು, ನನ್ನನ್ನು ನಿನ್ನೆ ಬಂದ ನೆಂಟನ ಹಾಗೆ ಇಟ್ಟಿದ್ದಾರೆ. "ಬನ್ನಿ ಅಳಿಯಂದ್ರೆ, ಕೂತ್ಕಳಿ ಅಳಿಯಂದ್ರೆ." ಮರ್ಯಾದೆಯೋ ಮರ್ಯಾದೆ. ಅಟ್ಟದ ಏಣಿ ಮುಟ್ಟಲು ಮಾತ್ರ ಬಿಡುವುದಿಲ್ಲ. ಕಾಯಿಯನ್ನು ಅಟ್ಟಕ್ಕೇರಿಸುವ ದಿನ, ಹತ್ತು ಹನ್ನೊಂದು ತಿಂಗಳು ಒಣಗಿ ಒಳಗೆ ಕೊಬ್ಬರಿ ಉಂಡೆಯಾದ ಮೇಲೆ ಇಳಿಸುವ ದಿನ, ಹೊರಗಿನಿಂದ ಆಳು ಬರುತ್ತಾರೆ. ನಾನು ಜಗಲಿ ಮೇಲೆ ಕೂತು ಕಾಫಿ ಕುಡಿಯಬೇಕು.

ಕಾರಣ ಇದೆ. 2017ರಲ್ಲಿ ಅವರು ಆ ಏಣಿಯಿಂದ ಬಿದ್ದು ಎರಡು ಪಕ್ಕೆಲುಬು ಮುರಿದುಕೊಂಡರು. ಕೆಳಗೆ ಏಣಿ ಹಿಡಿದಿದ್ದವನು ನಾನು. ಫೋನ್ ಬಂತು, ಒಂದು ಕೈ ಬಿಟ್ಟೆ, ಅಷ್ಟೆ. ಅದರ ಬಗ್ಗೆ ಅವರು ಇವತ್ತಿನವರೆಗೆ ಒಂದು ಮಾತು ಆಡಿಲ್ಲ. ಬೈದು ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ತಿಪಟೂರಿನಲ್ಲಿ ಬಾಡಿಗೆ ಮನೆ ನೋಡಿಟ್ಟಿದ್ದೇನೆ. ಮಲ್ಲಿಕಾರ್ಜುನಯ್ಯ ಅನ್ನುವವರದು, ಮಹಡಿ ಮೇಲೆ, ಗಾಳಿ ಬೆಳಕು ಚೆನ್ನಾಗಿದೆ. ಮಾರ್ಚ್ ಒಂದಕ್ಕೆ ಬರುತ್ತೇವೆ ಎಂದು ಮಾತು ಕೊಟ್ಟಾಗಿದೆ. ಇಂಪನಾ ಹ್ಞೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಇನ್ನು ಹತ್ತೊಂಬತ್ತು ದಿನ.

ಯಜಮಾನರ ಕೆಮ್ಮು ನಿಂತಿಲ್ಲ. ತುಮಕೂರಿನಲ್ಲಿ ಸ್ಕ್ಯಾನ್ ಆಗಿದೆ, ಗುರುವಾರ ಡಾಕ್ಟರನ್ನು ಕಾಣಬೇಕು. ಕಾರು ಓಡಿಸುವುದಕ್ಕೆ ಮಾತ್ರ ನಾನು ಬೇಕು.

ಫೆಬ್ರವರಿ 13, ಗುರುವಾರ

ಬಲಗಡೆ ಶ್ವಾಸಕೋಶದಲ್ಲಿ ಒಂದು ಗಂಟು. ಹದಿನಾಲ್ಕು ಮಿಲಿಮೀಟರ್. ಡಾಕ್ಟರಮ್ಮ ಫಿಲಂ ಮೇಲೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿದರು. ಚಿತ್ರದಲ್ಲಿ ಬಲ ಶ್ವಾಸಕೋಶ ನಮ್ಮ ಎಡಗೈ ಕಡೆ ಕಾಣುತ್ತದಂತೆ, ಎದುರು ನಿಂತವರ ಬಲಗೈ ಕಾಣುವ ಹಾಗೆ.

ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ಸೂಜಿ ಹಾಕಿ ಚೂರು ತೆಗೆಯೋಣವೆಂದರೆ ಗಂಟು ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿದೆ. ಎದೆ ತೆರೆದೇ ತೆಗೆಯಬೇಕು. ವಯಸ್ಸು ಎಪ್ಪತ್ತೆರಡು, ಹೃದಯ ಅಷ್ಟಕ್ಕಷ್ಟೆ. ಟೇಬಲ್ ಮೇಲೆಯೇ ಏನಾದರೂ ಆಗಬಹುದು ಎಂದು ಮುಚ್ಚಿಡದೆ ಹೇಳಿದರು. ಮಾರ್ಚ್ 5ಕ್ಕೆ ಆಪರೇಷನ್ ಗೊತ್ತುಮಾಡಿದರು.

ಏಳುವಾಗ ಕೇಳಿದರು, "ಮೊದ್ಲು ಯಾವಾಗಾದ್ರೂ ಎದೆ ಸ್ಕ್ಯಾನ್ ಆಗಿತ್ತಾ? ಹಳೇದು ಸಿಕ್ಕಿದ್ರೆ ತನ್ನಿ. ಈ ಗಂಟು ಆಗ್ಲೂ ಇಷ್ಟೇ ಇತ್ತು ಅಂದ್ರೆ ನಾವು ಮುಟ್ಟೋದೇ ಬೇಡ. ಕೆಟ್ಟ ಗಂಟು ಅಷ್ಟು ವರ್ಷ ಸುಮ್ನೆ ಕೂತಿರಲ್ಲ."

ಆಗಿತ್ತು. 2017ರಲ್ಲಿ, ಪಕ್ಕೆಲುಬು ಮುರಿದಾಗ. ಯಜಮಾನರು ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ.

ಬರುವಾಗ ಗುಬ್ಬಿ ದಾಟಿದ ಮೇಲೆ, "ಅಳಿಯಂದ್ರೆ, ಎದೆ ಕುಯ್ದ್ ಮ್ಯಾಲೆ ಅಟ್ಟ ಹತ್ತಕ್ಕಾಯ್ತದಾ?" ಎಂದು ಕೇಳಿದರು. ನನಗೆ ರೇಗಿತು. ಜೀವಕ್ಕಿಂತ ಅಟ್ಟ ಹೆಚ್ಚಾಯಿತು ಈ ಮನುಷ್ಯನಿಗೆ. "ಆಯ್ತದೆ ಬುಡಿ" ಅಂದೆ.

ಫೆಬ್ರವರಿ 14

ಆ ಹಳೆಯ ಸ್ಕ್ಯಾನ್ ಸೆಂಟರ್ ಮುಚ್ಚಿ ಆರು ವರ್ಷವಾಗಿದೆ. ಈಗ ಅಲ್ಲಿ ಚಪ್ಪಲಿ ಅಂಗಡಿ.

ಮನೆಯಲ್ಲಿ ಫಿಲಂ ಹುಡುಕಿದೆವು. ಟ್ರಂಕು, ಬೀರು, ರಾಗಿ ಕಣಜದ ಹಿಂದೆ, ಎಲ್ಲ ಆಯಿತು. ಕೊನೆಗೆ ಅತ್ತೆ ಶಿವರುದ್ರಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. 2019ರ ಡಿಸೆಂಬರಿನಲ್ಲಿ ಸೂರ್ಯಗ್ರಹಣ ನೋಡುವುದಕ್ಕೆ ಆ ಫಿಲಂಗಳನ್ನು ಕತ್ತರಿಸಿ ಬೀದಿಗೆಲ್ಲ ಹಂಚಿದ್ದರಂತೆ. "ಕಪ್ಪಗೆ ಚೆಂದಾಗಿತ್ತು ಕಣಪ್ಪ. ಎಲ್ರೂ ನಮ್ಗೊಂದು ನಮ್ಗೊಂದು ಅಂದ್ರು. ಇಲ್ಲ ಅನ್ನಕ್ಕಾಯ್ತದಾ?"

ಯಜಮಾನರ ಎದೆಯ ತುಂಡುಗಳಲ್ಲಿ ಇಡೀ ಊರು ಗ್ರಹಣ ನೋಡಿದೆ. ನನಗೆ ನಗು ಬಂತು, ನಗುವ ಹೊತ್ತಲ್ಲ ಎಂದು ತಡೆದುಕೊಂಡೆ. ಆಮೇಲೆ ನೋಡಿದರೆ ಅತ್ತೆಯೂ ನಗುತ್ತಿದ್ದರು, ಕಣ್ಣಲ್ಲಿ ನೀರು ಇಟ್ಟುಕೊಂಡು.

ಫಿಲಂ ಜೊತೆಗೆ ಒಂದು ಸೀಡಿಯನ್ನೂ ಕೊಟ್ಟಿದ್ದರು ಎಂದು ನನಗೆ ಚೆನ್ನಾಗಿ ನೆನಪಿದೆ. ಅದು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲ.

ಫೆಬ್ರವರಿ 16, ಭಾನುವಾರ

ಸಿಕ್ಕಿತು. ಹೊಳೆದದ್ದು ಇಂಪನಾಗೆ. "ಅಳಿಲು ಓಡಿಸಕ್ಕೆ ಅಪ್ಪ ಅಟ್ಟದ ಕಿಟಕಿಗೆ ಸೀಡಿಗಳ್ ಕಟ್ಟಿದ್ರಲ್ಲ, ಅದ್ರಾಗಿದ್ರೂ ಇರ್ಬೋದು." ಗಾಳಿಗೆ ತಿರುಗಿ ಫಳಫಳ ಅಂದರೆ ಅಳಿಲು ಒಳಗೆ ನುಗ್ಗುವುದಿಲ್ಲ ಎಂದು ಇಲ್ಲಿ ಮನೆಮನೆಯಲ್ಲೂ ಕಟ್ಟುತ್ತಾರೆ.

ಯಜಮಾನರು ತಾವೇ ಹತ್ತಲು ಎದ್ದರು. ಕೆಮ್ಮು ಬಂದು ಅಲ್ಲೇ ಕೂತರು. ಕೆಮ್ಮು ನಿಂತ ಮೇಲೆ, "ಹತ್ತಿ ಅಳಿಯಂದ್ರೆ. ನಿಧಾನ" ಅಂದರು. ಏಣಿ ಹಿಡಿದವಳು ಇಂಪನಾ.

ಎಂಟು ವರ್ಷದ ಮೇಲೆ ಅಟ್ಟ ಹತ್ತಿದೆ. ಕಾವು, ಹೊಗೆ, ಒಣ ಮಟ್ಟೆಯ ವಾಸನೆ. ಬಿದಿರ ಹಾಸಿನ ಮೇಲೆ ಗೋಡೆಯಿಂದ ಗೋಡೆಗೆ ಕಾಯಿ. ಕಿಟಕಿಯಲ್ಲಿ ದಾರಕ್ಕೆ ಐದು ಸೀಡಿ. ಎರಡು ಸಿನಿಮಾ ಹಾಡಿನವು, ಒಂದು ಮಿಕ್ಸಿ ಜೊತೆ ಬಂದದ್ದು, ಒಂದು ನಮ್ಮ ಮದುವೆಯದು. ನಮ್ಮ ಮದುವೆ ಅಳಿಲು ಓಡಿಸುತ್ತಿದೆ ಎಂದು ಇಂಪನಾಗೆ ಮೇಲಿನಿಂದಲೇ ಹೇಳಿದೆ. ಐದನೆಯದರ ಮೇಲೆ ಮಸಿ ಒರೆಸಿದಾಗ ಮಾರ್ಕರಿನಲ್ಲಿ ಬರೆದ ಹೆಸರು ಅರ್ಧ ಕಂಡಿತು. ಸಿದ್ದಪ್ಪ. ಪುಣ್ಯಕ್ಕೆ ಅದು ಒಳಗಡೆ, ಬಿಸಿಲು ಬೀಳದ ಕಡೆ ನೇತಾಡುತ್ತಿತ್ತು.

ಇಳಿಯುವ ಮೊದಲು ಕೆಳಗೆ ನೋಡಿದೆ. ಹನ್ನೆರಡು ಅಡಿ ಇರಬಹುದು. ಕೆಳಗಿನಿಂದ ನೋಡಿದಾಗ ಅಷ್ಟು ಎತ್ತರ ಅನ್ನಿಸಿರಲೇ ಇಲ್ಲ.

ಫೆಬ್ರವರಿ 18, ಮಂಗಳವಾರ

ಸೀಡಿ ಓದುವ ಮಷಿನ್ ಈಗ ಯಾರ ಹತ್ತಿರ ಇದೆ? ತಿಪಟೂರಿನ ಫೋಟೋ ಸ್ಟುಡಿಯೋ ಮಾಯಣ್ಣನ ಹತ್ತಿರ ಇತ್ತು. ಸೋಪಿನ ನೀರಿನಲ್ಲಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ ಹಾಕಿದೆವು. ಮೂರು ಗಂಟೆ ಗರಗರ ಅಂದಿತು. ಇನ್ನೂರ ಹನ್ನೆರಡು ಫೈಲುಗಳಲ್ಲಿ ನೂರ ನಲವತ್ತಮೂರು ಬಂದವು, ಉಳಿದವು ಗೀರಿಗೆ ಹೋದವು. ಒಂದೊಂದು ಫೈಲಿನಲ್ಲಿ ಎದೆಯ ಒಂದೊಂದು ಪದರದ ಚಿತ್ರ.

ಫೈಲಿನ ಮೊದಲ ಭಾಗದಲ್ಲಿ ಹೆಸರು, ತಾರೀಖು ಸರಿಯಾಗಿ ಓದಿಸಿಕೊಂಡವು. ಯಜಮಾನರದೇ. ಸಮಾಧಾನದಿಂದ ಮಾಯಣ್ಣನಿಗೆ ಟೀ ಕೊಡಿಸಿದೆ. ಆಮೇಲೆ ಚಿತ್ರ ತೆರೆದರೆ ಬರೀ ಚುಕ್ಕೆ. ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ, ಅಂಚಿನಿಂದ ಅಂಚಿಗೆ. ನೂರ ನಲವತ್ತಮೂರೂ ಹಾಗೇ.

ಫೆಬ್ರವರಿ 20, ಗುರುವಾರ

ಸೀಡಿ ಹಿಡಿದು ತುಮಕೂರಿಗೆ ಹೋದೆ. ಕೌಂಟರಿನಲ್ಲಿದ್ದವರು ಹಾಕಿ ನೋಡಿ, "ಕರಪ್ಟ್ ಆಗಿದೆ ಸರ್" ಎಂದು ವಾಪಸ್ ಕೊಟ್ಟರು. ಆಪರೇಷನ್ನಿಗೆ ರಕ್ತ ಕೊಡುವವರನ್ನು ಇಬ್ಬರನ್ನು ಹೇಳಿಟ್ಟುಕೊಳ್ಳಿ ಅಂದರು.

ಫೆಬ್ರವರಿ 22, ಶನಿವಾರ

ಇವತ್ತಿನದನ್ನು ಬರೆಯುವುದು ಹೇಗೋ ಗೊತ್ತಾಗುತ್ತಿಲ್ಲ. ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ತುರುವೇಕೆರೆಯ ಒಂದು ಮಂಡಿಯಿಂದ ಕರೆ. ಹೊಸ ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆ, ತಕ್ಕಡಿ ಮೇಲೆ ಹನ್ನೆರಡು ಕೆಜಿ, ಕಂಪ್ಯೂಟರಿನಲ್ಲಿ ಮೂರು ಸಾವಿರದ ಎಪ್ಪತ್ತೆರಡು. ಹೋದ ಕೂಡಲೇ ನಕ್ಕೆ. ನಾಲ್ಕು ವರ್ಷದ ಹಿಂದೆ ತಿಪಟೂರಿನಲ್ಲಿ ಇದೇ ರೋಗ ನೋಡಿದ್ದೆ. ಮಷಿನ್‌ಗಳು ದೊಡ್ಡ ಸಂಖ್ಯೆಯನ್ನು ಎರಡು ತುಂಡು ಮಾಡಿ ಕಳಿಸುತ್ತವೆ, ಒಂದೊಂದು ತುಂಡಿಗೆ ಬೈಟ್ ಎಂದು ಹೆಸರು. ಒಂದು ದೊಡ್ಡ ತುಂಡು, ಒಂದು ಸಣ್ಣದು, ನಮ್ಮ ಹತ್ತರ ಸ್ಥಾನ ಬಿಡಿ ಸ್ಥಾನ ಇದ್ದ ಹಾಗೆ. ಕೆಲವು ಮಷಿನ್ ದೊಡ್ಡದನ್ನು ಮುಂದೆ ಇಡುತ್ತವೆ, ಕೆಲವು ಸಣ್ಣದನ್ನು. ಒಂದು ಇಟ್ಟದ್ದನ್ನು ಇನ್ನೊಂದು ಉಲ್ಟಾ ಓದಿದರೆ ಹನ್ನೆರಡು ಹೋಗಿ ಮೂರು ಸಾವಿರವಾಗುತ್ತದೆ. ಆಗ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ: ಬಂದದ್ದನ್ನು ಕೊನೆಯಿಂದ ಮೊದಲಿಗೆ ತಿರುವು. ಒಂದೇ ಸಾಲು. ಇವತ್ತೂ ಅದನ್ನೇ ಹಾಕಿದೆ. ಹನ್ನೆರಡು ಹನ್ನೆರಡಾಯಿತು.

ಬೈಕ್ ಹತ್ತಿದವನು ಅರ್ಧ ದಾರಿಯಲ್ಲಿ ನಿಲ್ಲಿಸಿಬಿಟ್ಟೆ. ಸ್ಕ್ಯಾನ್ ಚಿತ್ರದಲ್ಲಿ ಒಂದೊಂದು ಚುಕ್ಕೆಯ ಬಿಳುಪು ಕೂಡ ಎರಡು ತುಂಡಿನ ಒಂದು ಸಂಖ್ಯೆಯೇ. ಹಳೆಯ ಮಷಿನ್ ಉಲ್ಟಾ ಇಟ್ಟಿದ್ದರೆ? ಸೀಡಿ ಕೆಟ್ಟೇ ಇಲ್ಲದಿದ್ದರೆ?

ಮನೆಗೆ ಬಂದವನೇ ಲ್ಯಾಪ್‌ಟಾಪ್ ತೆಗೆದು, ಫೈಲಿನಲ್ಲಿ ಚಿತ್ರದ ಭಾಗವನ್ನು ಮಾತ್ರ ಬೇರೆ ಮಾಡಿ, ಅದೇ ಒಂದು ಸಾಲು ಹಾಕಿದೆ. ರಾಗಿ ಮಾಯವಾಯಿತು. ಪಕ್ಕೆಲುಬು, ಹೃದಯ, ಬೆನ್ನುಮೂಳೆ, ಎಲ್ಲ ಕಂಡವು. ನನ್ನ ಜೀವಮಾನದಲ್ಲಿ ನಾನು ಸರಿಮಾಡಿದ ಯಾವ ಮಷಿನ್ನೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ. ಒಂದೊಂದೇ ಪದರ ನೋಡುತ್ತಾ ಹೋದೆ. ಎಪ್ಪತ್ತೆಂಟನೆಯದರಲ್ಲಿ ಗಂಟು ಇತ್ತು.

ಬೇರೆ ಕಡೆ ಇತ್ತು. ಹೊಸ ಫಿಲಂನಲ್ಲಿ ಗಂಟು ಚಿತ್ರದ ಎಡಕ್ಕೆ, ಇದರಲ್ಲಿ ಬಲಕ್ಕೆ. ಅಂದರೆ ಆಗ ಎಡ ಶ್ವಾಸಕೋಶದಲ್ಲಿ ಒಂದಿತ್ತು, ಈಗ ಬಲಕ್ಕೆ ಹೊಸದು ಬಂದಿದೆ. ಹರಡಿದೆ. ಮತ್ತೆ ಮತ್ತೆ ನೋಡಿದೆ. ಹೊಸ ಫಿಲಂನಲ್ಲಿ ಗಂಟು ಇರುವ ಕಡೆ ಹಳೆಯದರಲ್ಲಿ ಏನೂ ಇಲ್ಲ. ಎಡದ್ದು ಹೊಸದರಲ್ಲಿ ಯಾಕಿಲ್ಲ ಎಂದು ಯೋಚಿಸುವಷ್ಟು ತಲೆ ಓಡಲಿಲ್ಲ.

ಮಲ್ಲಿಕಾರ್ಜುನಯ್ಯ ಫೋನ್ ಮಾಡಿದ್ದರು, ಒಂದನೇ ತಾರೀಖು ಬರುತ್ತೀರಲ್ಲ ಎಂದು. ಆಮೇಲೆ ಮಾಡುತ್ತೇನೆ ಎಂದೆ.

ಫೆಬ್ರವರಿ 23

ಯಾರಿಗೂ ಹೇಳಿಲ್ಲ.

ಫೆಬ್ರವರಿ 24, ಸೋಮವಾರ

ಇಂಪನಾ ಕೇಳಿದಳು. ಇನ್ನೂ ನೋಡುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಡಾಕ್ಟರಮ್ಮನಿಗೆ ತೋರಿಸಿದರೆ ಹರಡಿದೆ ಅನ್ನುತ್ತಾರೆ. ತೋರಿಸದಿದ್ದರೆ ಸುಮ್ಮನೆ ಎದೆ ತೆರೆಯುತ್ತಾರೆ. ಯಾವುದು ಮಾಡಿದರೂ ತಪ್ಪು ಅನ್ನಿಸುತ್ತಿದೆ.

ಸಂಜೆ ಮಾವ ತೋಟದಲ್ಲಿ ಇಂಪನಾಗೆ ಮರ ತೋರಿಸುತ್ತಿದ್ದರು. ಇದು ನಿಮ್ಮಜ್ಜ ಇಟ್ಟಿದ್ದು, ಇದರ ಕಾಯಿ ಸಣ್ಣದು ಆದರೆ ಕೊಬ್ಬರಿ ದಪ್ಪ, ಇದಕ್ಕೆ ನುಸಿ ಬೇಗ ಹತ್ತುತ್ತದೆ. ಮರಗಳನ್ನು ಮಗಳ ಕೈಗೆ ಒಪ್ಪಿಸುತ್ತಿದ್ದಾರೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನನ್ನನ್ನು ನೋಡಿ, "ಆ ಸೀಡಿ ತಂಟೆ ಬುಡಿ ಅಳಿಯಂದ್ರೆ. ವಾರದಿಂದ ಸರ್ಯಾಗಿ ಉಂಡಿಲ್ಲ ನೀವು" ಅಂದರು. ನಾನು ಉಣ್ಣುವುದನ್ನು ಅವರು ಗಮನಿಸುತ್ತಾರೆಂದು ನನಗೆ ತಿಳಿದಿರಲಿಲ್ಲ.

ಫೆಬ್ರವರಿ 26, ಶಿವರಾತ್ರಿ

ಎಲ್ಲರಿಗೂ ಉಪವಾಸ. ಮಧ್ಯಾಹ್ನ ಜಗಲಿ ಮೇಲೆ ಕೂತು ಆ ಎಪ್ಪತ್ತೆಂಟನೆಯ ಚಿತ್ರವನ್ನೇ ನೋಡುತ್ತಿದ್ದೆ. ಮಾವ ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಮುಚ್ಚಲು ಹೋದೆ. ಬಿಡಲಿಲ್ಲ.

"ಇದು ನನ್ನ ಎದೇನಾ?"

"ಹೌದು ಮಾವ."

"ಈ ದಪ್ಪನೆ ಬಿಳೇದು ಏನು?"

"ಬೆನ್ನುಮೂಳೆ."

"ಮ್ಯಾಲೈತಲ್ಲ."

"ಅವತ್ತು ಬೋರಲು ಮಲಗಿಸಿದ್ರೇನೋ" ಅಂದೆ. ನಾನು ಅದನ್ನೂ ಯೋಚಿಸಿಯೇ ಇಟ್ಟುಕೊಂಡಿದ್ದೆ.

"ಪಕ್ಕೆ ಮುರ್ದೋನ್ನ ಯಾರ್ರೀ ಬೋರಲು ಮಲಗಿಸ್ತಾರೆ?" ಅಂದರು ಮಾವ. "ಅಂಗಾತ ಮಲಗ್ಸಿದ್ರು. ಚಾವಣೀಲಿ ಒಂದು ಹಲ್ಲಿ ಇತ್ತು. ಉಸ್ರು ಬಿಗಿ ಹಿಡೀರಿ ಅಂತ ಒಳಗಿಂದ ಕೂಗೋರು, ನಾನು ಆ ಹಲ್ಲೀನೇ ನೋಡ್ಕಂಡು ಹಿಡಿಯೋನು. ಅದೂ ಅಲ್ಲಾಡ್ತಿರ್ಲಿಲ್ಲ. ಇವತ್ತಿಗೂ ಕಣ್ಣಾಗೈತೆ."

ಅಂಗಾತ ಮಲಗಿದ್ದರೆ ಬೆನ್ನುಮೂಳೆ ಕೆಳಗಿರಬೇಕು. ಮೇಲಿದೆ ಎಂದರೆ ಚಿತ್ರವೇ ತಲೆಕೆಳಗಾಗಿದೆ. ಕಾಗದವನ್ನು ಬುಡಮೇಲು ತಿರುಗಿಸಿಟ್ಟ ಹಾಗೆ, ಮೇಲಿನದು ಕೆಳಗೆ ಬಂದಿದ್ದರೆ ಎಡದ್ದು ಬಲಕ್ಕೆ ಬಂದಿರಬೇಕು.

ಅವರಿಗೆ ಎಲ್ಲ ಹೇಳಿದೆ, ನಾಲ್ಕು ದಿನದಿಂದ ಮುಚ್ಚಿಟ್ಟದ್ದನ್ನೂ ಸೇರಿಸಿ. ನಾನು ಏನು ಮಾಡಿದೆನೆಂದು ಅವರಿಗೆ ತಿಳಿಯಬೇಕಲ್ಲ, ಅಂಗಳದಲ್ಲಿ ಗುಡ್ಡೆ ಹಾಕಿದ್ದ ಕಾಯಿಗಳಲ್ಲಿ ಎಂಟನ್ನು ತಂದು ಸಾಲಾಗಿ ಇಟ್ಟೆ. ಒಂದು ದೊಡ್ಡದು ಒಂದು ಸಣ್ಣದು, ಒಂದು ದೊಡ್ಡದು ಒಂದು ಸಣ್ಣದು. ಎರಡೆರಡು ಸೇರಿ ಒಂದು ಚುಕ್ಕೆ. ಎಲ್ಲ ಜೋಡಿಯಲ್ಲೂ ಸಣ್ಣದು ಮುಂದೆ ಬರಬೇಕು ಎಂದು ಹೇಳಿ, ಕೊನೆಯ ಕಾಯಿ ಎತ್ತಿ ಮೊದಲು ಇಟ್ಟೆ, ಅದರ ಹಿಂದಿನದನ್ನು ಆಮೇಲೆ, ಹೀಗೆ ಎಂಟೂ. "ನೋಡಿ, ಸಣ್ಣದು ಮುಂದೆ ಬಂತು."

"ಬಂತು. ಆದ್ರೆ ಕೊನೇ ಜೋಡಿ ಮೊದ್ಲಿಗೆ ಬಂದ್ಬುಡ್ತಲ್ಲ. ಸಾಲು ಪೂರ್ತಿ ಯಾಕೆ ಕೆಡವಿದ್ರಿ?"

ಅವರು ಕುಕ್ಕುರುಗಾಲಲ್ಲಿ ಕೂತು ಕಾಯಿಗಳನ್ನು ಮೊದಲಿದ್ದ ಹಾಗೆ ಜೋಡಿಸಿದರು. ಮೊದಲ ಎರಡನ್ನು ಎರಡು ಕೈಯಲ್ಲಿ ಎತ್ತಿದರು. ಈ ಕಡೆ ಯಾರೂ ಕಾಯಿಯನ್ನು ಒಂದೊಂದಾಗಿ ಎಣಿಸುವುದಿಲ್ಲ, ಎರಡು ಕೈಗೆ ಎರಡು, ಒಂದು ಜೋಡಿ. ಐವತ್ತು ವರ್ಷದಿಂದ ಅವರು ಲಕ್ಷಾಂತರ ಕಾಯಿಯನ್ನು ಹಾಗೆ ಎಸೆದು ಎಣಿಸಿದ್ದಾರೆ. ಎತ್ತಿದ ಕೈಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ, ಅದೇ ಜಾಗದಲ್ಲಿ ಇಟ್ಟರು. ಸಣ್ಣದು ಮುಂದೆ ಬಂತು, ದೊಡ್ಡದು ಹಿಂದೆ ಹೋಯಿತು, ಜೋಡಿ ಇದ್ದಲ್ಲೇ ಇತ್ತು. ಮುಂದಿನ ಎರಡು. ಅದರ ಮುಂದಿನ ಎರಡು.

"ಜೋಡಿ ಜಾಗ ಬುಡಬಾರ್ದು. ಕೈ ಮಾತ್ರ ಬದಲಾಗ್ಬೇಕು. ಹಿಂಗೆ ತಾನೇ?"

ಹೀಗೇ. ತಕ್ಕಡಿಯಿಂದ ಬರುವುದು ಒಂದೇ ಜೋಡಿ. ಅಲ್ಲಿ ಸಾಲು ತಿರುವಿದರೂ ಒಂದೇ, ಜೋಡಿ ತಿರುವಿದರೂ ಒಂದೇ, ಅದಕ್ಕೇ ನನ್ನ ಒಂದು ಸಾಲಿನ ಪ್ರೋಗ್ರಾಂ ನಾಲ್ಕು ವರ್ಷ ಜಾಣತನ ಮೆರೆದಿತ್ತು. ಇಲ್ಲಿ ಒಂದು ಚಿತ್ರಕ್ಕೆ ಎರಡು ಲಕ್ಷ ಅರವತ್ತೆರಡು ಸಾವಿರ ಜೋಡಿ. ನಾನು ಇಡೀ ಗುಡ್ಡೆಯನ್ನೇ ಬುಡಮೇಲು ಮಾಡಿದ್ದೆ.

ಪೈಥಾನಿನಲ್ಲಿ ಜೋಡಿಯೊಳಗೆ ಮಾತ್ರ ಕೈ ಬದಲಿಸುವುದಕ್ಕೆ ಬೈಟ್‌ಸ್ವಾಪ್ ಎಂದು ಸಿದ್ಧ ಮಾತೇ ಇದೆ. ಹಾಕಿದೆ. ಬೆನ್ನುಮೂಳೆ ಕೆಳಗೆ ಬಂದು ಕೂತಿತು. ಗಂಟು ಚಿತ್ರದ ಎಡಕ್ಕೆ ಬಂತು. ಹೊಸ ಫಿಲಂ ತಂದು ಬೆಳಕಿಗೆ ಹಿಡಿದೆ. ಅದೇ ಕಡೆ, ಅದೇ ಪಕ್ಕೆಲುಬಿನ ನೇರಕ್ಕೆ, ಅದೇ ರಕ್ತನಾಳದ ಪಕ್ಕ. ಚುಕ್ಕೆ ಎಣಿಸಿ ಅಳತೆ ಹಾಕಿದೆ. ಹದಿನಾಲ್ಕಕ್ಕೆ ಬಂತು.

"ಇದೈತಾ ಆಗ್ಲೂ?" ಎಂದರು ಮಾವ.

"ಐತೆ ಮಾವ. ಇಷ್ಟೇ ಐತೆ."

ಅತ್ತೆ ಒಳಗಿನಿಂದ ಓಡಿ ಬಂದರು, ಇಂಪನಾ ಅತ್ತಳು. ನನಗೂ ಅಳು ಬಂತು, ನಾಚಿಕೆಯಾಗಲಿಲ್ಲ. ಮಾವ ಮಾತ್ರ ಪರದೆಗೆ ಹತ್ತಿರ ಬಗ್ಗಿ, ಬೇಡದ ನೆಂಟನನ್ನು ನೋಡುವ ಹಾಗೆ ಆ ಗಂಟನ್ನು ತುಂಬ ಹೊತ್ತು ನೋಡಿದರು.

ಫೆಬ್ರವರಿ 27

ಡಾಕ್ಟರ್ ಇನ್ನೂ ನೋಡಬೇಕು, ನನ್ನ ಅಳತೆಗೆ ಬೆಲೆ ಇಲ್ಲ ಎಂದು ಗೊತ್ತು. ಆದರೂ ಮಧ್ಯಾಹ್ನ ಎರಡು ಮುದ್ದೆ ಉಂಡೆ.

ಮಾರ್ಚ್ 3, ಸೋಮವಾರ

ಆಪರೇಷನ್ ಇಲ್ಲ.

ಸ್ಕ್ಯಾನ್ ಓದುವ ಡಾಕ್ಟರ್ ಒಬ್ಬರಿದ್ದರು. ಅವರಿಗೆ ನನ್ನ ಚಿತ್ರ ತೋರಿಸಿ, ಸೀಡಿಯಲ್ಲಿ ಬೈಟುಗಳು ಉಲ್ಟಾ ಇವೆ, ದೊಡ್ಡದು ಮುಂದೆ ಇದೆ ಎಂದೆ. ನೀವು ಏನು ಕೆಲಸ ಮಾಡೋದು ಎಂದು ಕೇಳಿದರು. ತಕ್ಕಡಿ ರಿಪೇರಿ ಅಂದೆ. ತಮ್ಮ ಮಷಿನ್ನಿನಲ್ಲಿ ಅದಕ್ಕೆ ಒಂದು ಸೆಟ್ಟಿಂಗ್ ಇದೆ, ಈಗ ಯಾರೂ ಬಳಸುವುದಿಲ್ಲ ಎಂದು ಹುಡುಕಿ, ಸೀಡಿಯನ್ನೇ ನೇರವಾಗಿ ಹಾಕಿ ತೆರೆದರು. ಹಳೆಯದು ಹೊಸದು ಅಕ್ಕಪಕ್ಕ ಇಟ್ಟು ಇಪ್ಪತ್ತು ನಿಮಿಷ ನೋಡಿದರು. ಆ ಇಪ್ಪತ್ತು ನಿಮಿಷ ಮಾವ ಚಾವಣಿ ನೋಡುತ್ತಾ ಕೂತಿದ್ದರು. ಹಲ್ಲಿ ಹುಡುಕುತ್ತಿದ್ದರೇನೋ.

ಎಂಟು ವರ್ಷದಲ್ಲಿ ಒಂದು ಮಿಲಿಮೀಟರ್ ಕೂಡ ಬೆಳೆದಿಲ್ಲ. ಯಾವುದೋ ಕಾಲದ ಗಾಯ ಮಾಗಿ ಗಂಟಾಗಿ ಉಳಿದಿದೆ ಅಂದರು. ಡಾಕ್ಟರಮ್ಮ ಫೈಲಿನಲ್ಲಿ ಐದನೇ ತಾರೀಖಿನ ಮೇಲೆ ಗೀಟು ಹಾಕಿದರು. ಆ ಗೀಟನ್ನು ನಾನು ಮರೆಯುವುದಿಲ್ಲ. ಕೆಮ್ಮಿಗೆ ಕಾರಣ ಅಟ್ಟದ ಮಸಿ, ಮಟ್ಟೆಯ ದೂಳು. ಎಳೆದುಕೊಳ್ಳುವ ಔಷಧಿ ಬರೆದರು, ಇನ್ನು ಅಟ್ಟ ಹತ್ತಕೂಡದು ಅಂದರು. ಕ್ಯಾನ್ಸರ್ ಅಲ್ಲ ಎಂದಾಗ ಸುಮ್ಮನಿದ್ದ ಮಾವ ಇದಕ್ಕೆ ಮುಖ ಸಣ್ಣ ಮಾಡಿಕೊಂಡರು.

ಗುಬ್ಬಿಯಲ್ಲಿ ಇಡ್ಲಿ ತಿಂದೆವು. ಕಾರು ಹತ್ತಿದ ಮೇಲೆ ಅವರೇ ಮಾತು ತೆಗೆದರು. "ನೀನು ಅವತ್ತು ಏಣಿ ಬುಡದೆ ಇದ್ದಿದ್ರೆ ಈ ಸೀಡಿ ಎಲ್ಲಿರ್ತಿತ್ತು? ಈಗ ಸುಮ್ನೆ ಎದೆ ಕುಯ್ಸ್ಕಬೇಕಿತ್ತು ಕಣ್ಲಾ."

ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದೆ, "ಒಂದು ಕೈ ಅಂತ ಎಲ್ರಿಗೂ ಹೇಳಿದ್ದೆ ಮಾವ. ಎರಡೂ ಕೈ ಬಿಟ್ಟಿದ್ದೆ. ಒಂದ್ರಲ್ಲಿ ಫೋನು, ಒಂದ್ರಲ್ಲಿ ನಂಬರ್ ಬರ್ಕಳಕ್ಕೆ ಪೆನ್ನು."

"ಗೊತ್ತು" ಅಂದರು. "ಮ್ಯಾಲಿಂದ ಕಾಣ್ತಿತ್ತು."

ಚಿಕ್ಕನಾಯಕನಹಳ್ಳಿ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು, ಬಾಯಿ ತೆರೆದುಕೊಂಡು. ಗುಂಡಿ ಬಂದಲ್ಲೆಲ್ಲ ನಿಧಾನ ಮಾಡಿದೆ.

ಮಾರ್ಚ್ 9, ಭಾನುವಾರ

ಮಲ್ಲಿಕಾರ್ಜುನಯ್ಯ ಫೋನ್ ಮಾಡಿದ್ದರು. ನೀವು ಬರಲಿಲ್ಲ, ಮನೆ ಬೇರೆಯವರಿಗೆ ಕೊಟ್ಟೆ ಅಂದರು. ಯಾವ ಮನೆ ಎಂದು ಒಂದು ಕ್ಷಣ ಹೊಳೆಯಲೇ ಇಲ್ಲ. ಆಯಿತು ಅಂದೆ. ಹೊತ್ತಾಗಿತ್ತು, ಕೆಲಸ ಬಹಳ ಇತ್ತು.

ಹೋದ ವರ್ಷದ ಕಾಯಿ ಇಳಿಸಬೇಕು. ಆಳಿಗೆ ಹೇಳಿ ಕಳಿಸಲೇ ಎಂದು ಅತ್ತೆ ಕೇಳಿದರು. "ಯಾಕೆ? ಇವ್ನಿಲ್ವಾ" ಅಂದರು ಮಾವ. ಒಳಗೆ ಹೋಗಿ ಒಂದು ಹಳೆಯ ಟವೆಲ್ ತಂದು ನನ್ನ ಮೂಗು ಬಾಯಿಗೆ ಕಟ್ಟಿದರು. ಗಂಟು ಹಾಕುವಾಗ ಕೂದಲು ಸಿಕ್ಕಿಕೊಂಡು ಎಳೆಯಿತು, ಹೇಳಲಿಲ್ಲ.

ಮೇಲೆ ಹೋಗಿ ಒಂದೊಂದೇ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಉಂಡೆ ಬಿಡಿಸಿಕೊಂಡಿದ್ದರೆ ಲೊಡಲೊಡ ಅನ್ನುತ್ತದೆ, ಅದನ್ನು ಇಳಿಸಬೇಕು. ಅನ್ನದಿದ್ದರೆ ಇನ್ನೂ ಇರಲಿ. ಹೇಳಲು ಸುಲಭ. ಕೆಳಗಿನಿಂದಲೇ ಮಾವನಿಗೆ ಕೇಳಿಸುತ್ತಿತ್ತು. "ಅದು ಬ್ಯಾಡ, ಎರಡು ತಿಂಗ್ಳು ಬುಡು. ಹ್ಞಾ, ಅದು ಕೊಡು. ಎರಡು ಕೈಲಿ ಹಿಡ್ಕಳ್ಲಾ, ಜೋಡಿ ಜೋಡಿ ಬರ್ಲಿ." ಕಿಟಕಿಯಲ್ಲಿ ನಾಲ್ಕು ಸೀಡಿ ತಿರುಗುತ್ತಿದ್ದವು. ಐದನೆಯದು ಬೀರುವಿನಲ್ಲಿದೆ, ಬೀಗ ಹಾಕಿ.

ನಾನು ಇಳಿಯಲು ಏಣಿಯ ಮೇಲಿನ ಮೆಟ್ಟಿಲಿಗೆ ಕಾಲಿಟ್ಟಾಗ ಕೆಳಗೆ ಮಾವನ ಜೇಬಿನಲ್ಲಿ ಫೋನ್ ಬಡಿದುಕೊಳ್ಳಲು ಶುರುಮಾಡಿತು. ಪೂರ್ತಿ ಹೊಡೆದುಕೊಂಡು ನಿಂತಿತು, ಮತ್ತೆ ಹೊಡೆದುಕೊಂಡಿತು. ಬಗ್ಗಿ ನೋಡಿದೆ. ಅವರು ಎರಡು ಕೈಯಲ್ಲೂ ಏಣಿ ಹಿಡಿದುಕೊಂಡು ನನ್ನ ಪಾದವನ್ನೇ ನೋಡುತ್ತಿದ್ದರು.

ಇವತ್ತು ಇಳಿಸಿದ್ದು ನಾನೂರ ಹನ್ನೊಂದು ಜೋಡಿ. ನಾಳೆ ಉಳಿದದ್ದು.